ಒಂದೇ ದೇಹ, ಹಲವು ಕಾಯಿಲೆ: ಚಿಕಿತ್ಸೆಯೊಡನೆ ಬಾಳುವುದು ಹೇಗೆ?

ಟಿ.ವಿ. ಪಕ್ಕದಲ್ಲೋ, ಫ್ರಿಜ್ಜಿನ ಮೇಲೋ, ದೇವರ ಗೂಡಿನ ಕೆಳಗೋ ಒಂದು ಪ್ಲಾಸ್ಟಿಕ್ ಡಬ್ಬಿ ಇಲ್ಲದ ಮನೆ ಈಗ ಅಪರೂಪ. ಹಿಂದೊಮ್ಮೆ ಅದರಲ್ಲಿ ಹಬ್ಬದ ಸಿಹಿ ಬಂದಿರುತ್ತದೆ. ಈಗ ಅದರ ತುಂಬ ಮಾತ್ರೆಗಳ ಪಟ್ಟಿ. ರಾತ್ರಿ ಊಟವಾದ ಮೇಲೆ ಆ ಡಬ್ಬಿಯ ಸುತ್ತ ನಡೆಯುವ ಮಾತುಕತೆಯೂ ನಮಗೆಲ್ಲ ಗೊತ್ತಿರುವುದೇ.

“ಅತ್ತೇ, ರಾತ್ರಿದು ತಗೊಂಡ್ರಾ?”

“ಯಾವುದಮ್ಮಾ? ಉದ್ದದ್ದಾ, ಗುಂಡಗಿರೋದಾ?”

“ಗುಂಡಗಿರೋದು ಎರಡಿದೆಯಲ್ಲಾ ಅತ್ತೆ, ಬಿ.ಪಿ.ದು.”

“ಅದನ್ನ ಬೆಳಿಗ್ಗೆನೇ ನುಂಗಿದ ಹಾಗಿತ್ತು ಕಣಮ್ಮಾ...”

ಕೇಳುವುದಕ್ಕೆ ತಮಾಷೆಯಾಗಿದ್ದರೂ ಇದು ನಗುವ ವಿಷಯವಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಥೈರಾಯ್ಡ್, ಮಂಡಿ ನೋವು ಇವುಗಳಲ್ಲಿ ಎರಡೋ ಮೂರೋ ಒಬ್ಬರನ್ನೇ ಹಿಡಿದಾಗ, ಒಂದು ಮಾತ್ರೆ ಎರಡು ಸಲ ಹೊಟ್ಟೆ ಸೇರಿದರೂ, ಇನ್ನೊಂದು ತಪ್ಪಿಹೋದರೂ ಅದರ ಪರಿಣಾಮ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕಾಣಬಹುದು. ಎರಡು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆಗಳು ಒಬ್ಬರಲ್ಲೇ ಇರುವುದನ್ನು ವೈದ್ಯರು ಬಹುರೋಗ ಸ್ಥಿತಿ ಎನ್ನುತ್ತಾರೆ. ಇದು ಜ್ವರದಂತೆ ಬಂದು ಹೋಗುವುದಲ್ಲ. ಇದರೊಡನೆ ಸಂಸಾರ ಮಾಡಬೇಕು. ಅದನ್ನು ಜಾಣತನದಿಂದ ಮಾಡುವುದು ಹೇಗೆ ಎಂಬುದೇ ಈ ವಾರದ ವಿಷಯ.

ಏಕೆ ಜೊತೆಯಾಗಿ ಬರುತ್ತವೆ?

“ಒಂದು ಸಾಲದು ಅಂತ ಇನ್ನೊಂದು ಅಂಟಿಕೊಂಡಿತು” ಎಂದು ರೋಗಿಗಳು ಹಣೆಬರಹವನ್ನು ದೂರುವುದುಂಟು. ಇವು ಬೇರೆ ಬೇರೆ ಕಾಯಿಲೆಗಳಂತೆ ಕಂಡರೂ ಬಹಳ ಸಲ ಬೇರು ಒಂದೇ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ದೇಹದ ಸಣ್ಣ ಹಾಗೂ ದೊಡ್ಡ ರಕ್ತನಾಳಗಳೆರಡೂ ಹಾಳಾಗುತ್ತವೆ. ಕಣ್ಣಿನ ಪರದೆಯ ನಾಳ ಕೆಟ್ಟರೆ ದೃಷ್ಟಿ ಮಂದವಾಗುತ್ತದೆ. ಮೂತ್ರಪಿಂಡದ ಸೋಸುವ ನಾಳಗಳು ಕೆಟ್ಟರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ. ಹೃದಯದ ನಾಳ ಕಟ್ಟಿಕೊಂಡರೆ ಹೃದಯಾಘಾತ. ರಕ್ತದೊತ್ತಡವೂ ಜೊತೆಗಿದ್ದರೆ ಈ ಹಾನಿ ಇನ್ನಷ್ಟು ಬೇಗ. ಮೂತ್ರಪಿಂಡ ಸೊರಗಿದರೆ ರಕ್ತದೊತ್ತಡ ಮತ್ತೆ ಏರುತ್ತದೆ. ಹೀಗೆ ಒಂದು ಇನ್ನೊಂದನ್ನು ಎಳೆದು ತರುತ್ತದೆ.

ನಮ್ಮ ದೇಶದಲ್ಲಿ ಇದರ ವ್ಯಾಪ್ತಿ ಎಷ್ಟೆಂಬುದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯಿಂದ ತಿಳಿಯುತ್ತದೆ. ವಯಸ್ಕರಲ್ಲಿ ಶೇಕಡಾ 11.4 ಮಂದಿಗೆ ಸಕ್ಕರೆ ಕಾಯಿಲೆ, ಶೇಕಡಾ 35.5 ಮಂದಿಗೆ ಅಧಿಕ ರಕ್ತದೊತ್ತಡ. ಶೇಕಡಾ 15.3 ಮಂದಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ.

ಇದು ಕೇವಲ ವಯಸ್ಸಿನ ಕಾಟವೂ ಅಲ್ಲ. ಸ್ಕಾಟ್ಲೆಂಡಿನಲ್ಲಿ ಸುಮಾರು ಹದಿನೇಳೂವರೆ ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅತಿ ಬಡ ಪ್ರದೇಶಗಳಲ್ಲಿ ಬಾಳುವವರಿಗೆ ಅನುಕೂಲವಂತರಿಗಿಂತ 10ರಿಂದ 15 ವರ್ಷ ಮೊದಲೇ ಈ ಬಹುರೋಗ ಸ್ಥಿತಿ ಬರುತ್ತದೆ ಎಂದು ಕಂಡುಬಂತು. ದುಡಿದು ತಿನ್ನುವವರು ದುಡಿಯುವ ವಯಸ್ಸಿನಲ್ಲೇ ಮಾತ್ರೆಗಳ ಲೆಕ್ಕ ಇಡಬೇಕಾಗುತ್ತದೆ ಎಂದಾಯಿತು.

ಮೈಸೂರು ಕಲಿಸಿದ ಪಾಠ

ಈ ಪ್ರಶ್ನೆಗೆ ಜಗತ್ತಿಗೇ ಒಂದು ಮುಖ್ಯ ಉತ್ತರ ಸಿಕ್ಕಿದ್ದು ನಮ್ಮ ಮೈಸೂರಿನಿಂದ ಎಂಬುದು ಅನೇಕರಿಗೆ ತಿಳಿಯದು. ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟ ಪುಸ್ತಕಗಳು ಜೋಪಾನವಾಗಿ ಉಳಿದಿದ್ದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಸಂಶೋಧಕರು ದಶಕಗಳ ನಂತರ ಹುಡುಕಿ ಪರೀಕ್ಷೆ ಮಾಡಿದರು. ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದವರಿದ್ದ ಈ ತಂಡದ ವರದಿ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ಅದು ಶೇಕಡಾ 3 ಮಾತ್ರ.

ತಾಯಿಯ ಹೊಟ್ಟೆಯಲ್ಲಿ ಪೋಷಣೆ ಸಾಲದೆ ಬೆಳೆದ ಮಗು, ಇದ್ದಷ್ಟರಲ್ಲಿ ಬದುಕುವುದಕ್ಕೆ ತನ್ನ ದೇಹವನ್ನು ಹೊಂದಿಸಿಕೊಳ್ಳುತ್ತದೆ. ಮುಂದೆ ಊಟ ಹೆಚ್ಚಿ ಓಡಾಟ ತಗ್ಗಿದಾಗ ಅದೇ ಹೊಂದಾಣಿಕೆ ತೊಂದರೆಗೆ ದಾರಿಯಾಗಬಹುದು. ಆದ್ದರಿಂದ ಇಂದು ಅರವತ್ತು ಎಪ್ಪತ್ತರ ವಯಸ್ಸಿನವರಿಗೆ ಬಂದಿರುವ ಕಾಯಿಲೆಗಳಿಗೆಲ್ಲ ಅವರ ನಾಲಿಗೆಯ ಚಪಲವೇ ಕಾರಣ ಎಂದು ಮನೆಮಂದಿ ಬೈಯುವುದು ಸರಿಯಲ್ಲ. ಮನೆಯಲ್ಲಿ ಬಸುರಿ ಸೊಸೆಯೋ ಮಗಳೋ ಇದ್ದರೆ ಅವಳ ತಟ್ಟೆಯ ಕಡೆ ಈಗಲೇ ಗಮನ ಕೊಡುವುದು ಹೆಚ್ಚು ಉಪಯೋಗದ ಕೆಲಸ.

ಒಬ್ಬ ರೋಗಿ, ನಾಲ್ಕು ಚೀಟಿ

ಕುಂಬಾರಕೊಪ್ಪಲಿನಲ್ಲಿರುವ ಅರವತ್ತರ ಒಬ್ಬ ತಾಯಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಹತ್ತು ವರ್ಷದಿಂದ ಬಿ.ಪಿ., ಜೊತೆಗೆ ಥೈರಾಯ್ಡ್. ಹೃದಯಕ್ಕೆ ಸ್ಟೆಂಟ್ ಹಾಕಿಸಿ ಒಂದು ವರ್ಷ. ಮಂಡಿ ನೋವು ಬೇರೆ. ಹೃದಯ ತೋರಿಸಲು ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆ, ಸಕ್ಕರೆಗೆ ನಗರದ ಮಧ್ಯದ ಕೆ.ಆರ್. ಆಸ್ಪತ್ರೆ, ಮಂಡಿಗೆ ಮನೆಯ ಹತ್ತಿರದ ಕ್ಲಿನಿಕ್. ತಲೆನೋವಿಗೆ ಔಷಧಿ ಅಂಗಡಿಯೇ ವೈದ್ಯರು! ಯಾರೂ ತಪ್ಪು ಔಷಧಿ ಬರೆದಿಲ್ಲ. ಆದರೆ ನಾಲ್ಕೂ ಚೀಟಿಗಳನ್ನು ಒಟ್ಟಿಗೆ ನೋಡಿದವರೂ ಯಾರೂ ಇಲ್ಲ.

ಅಪಾಯ ಇರುವುದು ಇಲ್ಲಿಯೇ. ಟೆಲ್ಮಿಸಾರ್ಟನ್, ಎನಲಾಪ್ರಿಲ್‌ನಂಥ ರಕ್ತದೊತ್ತಡದ ಮಾತ್ರೆ, ನೀರು ಇಳಿಸುವ ಮಾತ್ರೆ, ಇವೆರಡರ ಜೊತೆಗೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಸೇರಿದರೆ ಮೂತ್ರಪಿಂಡದ ಮೇಲೆ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ. ಬೇಸಿಗೆಯಲ್ಲಿ ಬೆವರಿ ನಿರ್ಜಲವಾದಾಗ, ವಾಂತಿ ಭೇದಿಯಾದಾಗ ಈ ಅಪಾಯ ಇನ್ನೂ ಹೆಚ್ಚು. ಬಿ.ಪಿ., ಸಕ್ಕರೆ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಗಟ್ಟಲೆ ನುಂಗಬಾರದು. ಸಾಧಾರಣ ನೋವಿಗೆ ಪ್ಯಾರಸಿಟಮಾಲ್ ಮಿತಿಯಲ್ಲಿ ಸಾಕೇ ಎಂದು ವೈದ್ಯರನ್ನೇ ಕೇಳಿ.

ಥೈರಾಯ್ಡ್ ಮಾತ್ರೆಯದು ಇನ್ನೊಂದು ಕತೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಿಯ ನೀರಿನೊಡನೆ ನುಂಗಬೇಕು. ನಮ್ಮಲ್ಲಿ ಫಿಲ್ಟರ್ ಕಾಫಿಯಿಲ್ಲದೆ ಬೆಳಗಾಗುವುದಿಲ್ಲ. ಕಾಫಿಯೊಡನೆ ನುಂಗಿದರೆ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ. “ಮಾತ್ರೆ ತಗೊಂಡರೂ ಥೈರಾಯ್ಡ್ ಹತೋಟಿಗೆ ಬರ್ತಿಲ್ಲ” ಎನ್ನುವ ಹಲವರ ಸಮಸ್ಯೆ ಈ ವೇಳೆಯ ಹೊಂದಾಣಿಕೆಯಿಂದಲೇ ಸರಿಹೋಗುತ್ತದೆ.

ಸಕ್ಕರೆ ತಾನಾಗಿ ಇಳಿದರೆ ಸಂತೋಷವೇ?

“ಈಗ ಅರ್ಧ ಮಾತ್ರೆ ಸಾಕು, ಶುಗರ್ ಪೂರ್ತಿ ಹೋಯಿತು!” ಎಂದು ಹಳೆಯ ಸಕ್ಕರೆ ರೋಗಿಗಳು ಹಿಗ್ಗಿ ಹೇಳುವುದನ್ನು ಕೇಳಿರುತ್ತೀರಿ. ಪಥ್ಯ, ನಡಿಗೆ, ತೂಕ ಇಳಿಕೆಯಿಂದ ಹಾಗಾಗಿದ್ದರೆ ಸಂತೋಷ. ಆದರೆ ಯಾವ ಬದಲಾವಣೆಯೂ ಇಲ್ಲದೆ ಇನ್ಸುಲಿನ್ ಅಥವಾ ಮಾತ್ರೆಯ ಅಗತ್ಯ ಇಳಿಯುತ್ತಿದ್ದರೆ ಮೂತ್ರಪಿಂಡವನ್ನು ಪರೀಕ್ಷಿಸಿಕೊಳ್ಳಲೇಬೇಕು. ಇನ್ಸುಲಿನ್ನನ್ನು ದೇಹದಿಂದ ಹೊರಹಾಕುವ ಕೆಲಸದಲ್ಲಿ ಮೂತ್ರಪಿಂಡಕ್ಕೆ ಪಾಲಿದೆ. ಅದು ಸೊರಗಿದಾಗ ಇನ್ಸುಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳೂ ಹಾಗೆಯೇ. ಆಗ ಹಳೆಯ ಪ್ರಮಾಣವೇ ವಿಷದಂತಾಗಿ, ನಡುರಾತ್ರಿ ಸಕ್ಕರೆ ಪಾತಾಳಕ್ಕಿಳಿಯಬಹುದು.

ಬೆವರು, ನಡುಕ, ಎದೆ ಬಡಿತ, ತಡೆಯಲಾರದ ಹಸಿವು, ಮಾತು ತೊದಲುವುದು, ವಿನಾಕಾರಣ ಸಿಟ್ಟು ಇವು ಸಕ್ಕರೆ ಕುಸಿದ ಲಕ್ಷಣಗಳು. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ. ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರಿರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಹೋಗುತ್ತದೆ. ತಕ್ಷಣ 108ಕ್ಕೆ ಫೋನ್ ಮಾಡಿ.

ಹಲವು ಕಾಯಿಲೆಯ ಹಿರಿಯರಲ್ಲಿ ಸಕ್ಕರೆಯನ್ನು ತೀರಾ ಬಿಗಿಯಾಗಿ ಹಿಡಿಯುವುದೂ ಒಳ್ಳೆಯದಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ ಹಲವರಿಗೆ ಶೇಕಡಾ 7ರ ಒಳಗಿನ ಗುರಿ ಹೇಳಿದರೆ, ಇಂಥ ಹಿರಿಯರಿಗೆ 8ರ ಒಳಗಿದ್ದರೆ ಸಾಕೆಂದು ವೈದ್ಯರು ಸಡಿಲಿಸುವುದುಂಟು. ನೆರೆಮನೆಯವರ ಅಂಕಿಯೊಡನೆ ನಿಮ್ಮ ಅಂಕಿಯನ್ನು ಹೋಲಿಸಬೇಡಿ.

ಪಥ್ಯದ ಪರದಾಟ

ಸಕ್ಕರೆ ಕಾಯಿಲೆಗೆ ರಾಗಿ, ಸೊಪ್ಪು, ಬೇಳೆ ಒಳ್ಳೆಯದೆಂದು ಹೇಳಿಸಿಕೊಂಡವರು ಕಿಡ್ನಿ ವೈದ್ಯರ ಬಳಿ ಹೋದಾಗ ಅವುಗಳನ್ನೇ ಕಡಿಮೆ ಮಾಡಿ ಎನ್ನಿಸಿಕೊಂಡು ಕಂಗಾಲಾಗುತ್ತಾರೆ. “ಯಾವ ಡಾಕ್ಟರ ಮಾತು ನಂಬೋದು?” ಎಂಬುದು ನ್ಯಾಯವಾದ ಪ್ರಶ್ನೆ. ಮೂತ್ರಪಿಂಡ ಚೆನ್ನಾಗಿರುವವರೆಗೆ ಮೊದಲ ಸಲಹೆ ಸರಿ. ಅದರ ಶಕ್ತಿ ಬಹಳ ಕುಗ್ಗಿ ರಕ್ತದಲ್ಲಿ ಪೊಟ್ಯಾಸಿಯಂ ಏರತೊಡಗಿದಾಗ ಎರಡನೆಯದು ಸರಿ. ರಾಗಿಯಲ್ಲಿ ಬಿಳಿ ಅಕ್ಕಿಗಿಂತ ಪೊಟ್ಯಾಸಿಯಂ ಹೆಚ್ಚು. ಬಾಳೆಹಣ್ಣು, ಸೊಪ್ಪು, ಎಳನೀರು ಇವುಗಳಲ್ಲೂ ಹೆಚ್ಚು. ಪೊಟ್ಯಾಸಿಯಂ ಅತಿಯಾದರೆ ಹೃದಯದ ಬಡಿತವೇ ನಿಲ್ಲಬಹುದು. ದೇಹಕ್ಕೆ ತಂಪೆಂದು ಕಿಡ್ನಿ ರೋಗಿಗೆ ಪ್ರೀತಿಯಿಂದ ದಿನಾ ಎಳನೀರು ಕುಡಿಸುವವರು ಇದನ್ನು ನೆನಪಿಡಬೇಕು. ಬಿ.ಪಿ.ಗೆ ಒಳ್ಳೆಯದೆಂದು ಮಾರುವ ಸೋಡಿಯಂ ಕಡಿಮೆಯ ಉಪ್ಪಿನಲ್ಲೂ ಪೊಟ್ಯಾಸಿಯಂ ಸೇರಿರುತ್ತದೆ. ಕಿಡ್ನಿ ತೊಂದರೆಯವರಿಗೆ ಅದು ಸಲ್ಲದು.

ತರಕಾರಿಯ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂ ಸಾಕಷ್ಟು ತಗ್ಗುತ್ತದೆ. ಬಸಿದ ಕಟ್ಟನ್ನು ಬಸ್ಸಾರಿಗೆ ಬಳಸಿದರೆ ಮಾತ್ರ ಮಾಡಿದ್ದೆಲ್ಲ ವ್ಯರ್ಥ! ನಿಮ್ಮ ಇತ್ತೀಚಿನ ರಕ್ತ ಪರೀಕ್ಷೆಯನ್ನು ನೋಡಿ ಒಬ್ಬರೇ ಆಹಾರ ತಜ್ಞರು ಒಂದೇ ಪಥ್ಯದ ಪಟ್ಟಿ ಬರೆದುಕೊಡುವಂತೆ ಕೇಳಿ. ಆಮೇಲೆ ಎಲ್ಲ ವೈದ್ಯರಿಗೂ ಅದನ್ನೇ ತೋರಿಸಿ.

ಡಯಾಲಿಸಿಸ್ ಇರುವ ಮನೆ

ಮೂತ್ರಪಿಂಡ ಪೂರ್ತಿ ಸೋತರೆ ಉಳಿಯುವ ದಾರಿ ಕಿಡ್ನಿ ಕಸಿ ಅಥವಾ ಡಯಾಲಿಸಿಸ್. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಹೋಗಿ ಬರುವ ಹೊತ್ತು, ಸುಸ್ತಾಗಿ ಮಲಗುವ ಹೊತ್ತು ಸೇರಿಸಿದರೆ ವಾರದಲ್ಲಿ ಮೂರು ದಿನ ಅದಕ್ಕೇ ಮೀಸಲು. ರೋಗಿಯ ಜೊತೆಗೆ ಹೋಗುವ ಮಗನೋ ಮಡದಿಯೋ ತಮ್ಮ ದುಡಿಮೆಯ ದಿನವನ್ನೂ ಕಳೆದುಕೊಳ್ಳುತ್ತಾರೆ.

ಇಂಥ ಮನೆಯವರು ತಿಳಿದಿರಬೇಕಾದ ಮಾತುಗಳು ಕೆಲವಿವೆ. ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಕೈಯಿಂದ ರಕ್ತ ತೆಗೆಸಬಾರದು, ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಿಸಬಾರದು, ಅದರ ಮೇಲೆ ತಲೆಯಿಟ್ಟು ಮಲಗಬಾರದು. ಜೋಡಣೆಯ ಮೇಲೆ ಬೆರಳಿಟ್ಟರೆ ಸಣ್ಣ ಕಂಪನ ತಿಳಿಯಬೇಕು. ಅದು ನಿಂತುಹೋಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕುಡಿಯುವ ನೀರಿಗೆ ಮಿತಿ ಹೇಳಿದ್ದರೆ ಕಾಫಿ, ಸಾರು, ಮಜ್ಜಿಗೆ, ಗಂಜಿ ಎಲ್ಲವೂ ಆ ಲೆಕ್ಕದಲ್ಲಿ ಬರುತ್ತವೆ. ಡಯಾಲಿಸಿಸ್ ದಿನ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಬೇಕೇ ಬೇಡವೇ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. “ಈ ಸಲ ಆರಾಮಾಗಿದೆ, ಒಂದು ಸಲ ಬಿಡೋಣ” ಎನ್ನುವುದು ಪ್ರಾಣಾಪಾಯದ ಮಾತು.

ಡಯಾಲಿಸಿಸ್ ತನಕ ಹೋಗದಂತೆ ತಡೆಯುವುದಕ್ಕೆ ಅವಕಾಶವಿದೆ. ಸಕ್ಕರೆ ಅಥವಾ ಬಿ.ಪಿ. ಇರುವವರು ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಹಾಗೂ ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡ ಮುಕ್ಕಾಲು ಭಾಗ ಸೋಲುವವರೆಗೂ ರೋಗಿಗೆ ಏನೂ ಗೊತ್ತಾಗದೆ ಇರಬಹುದು. ಕಾಲು ಊದಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ.

ಚಿಕಿತ್ಸೆಯೇ ಹೊರೆಯಾದಾಗ

ಮಾತ್ರೆ ನುಂಗುವುದು, ಸೂಜಿ ಚುಚ್ಚಿಕೊಳ್ಳುವುದು, ಟೋಕನ್ ಪಡೆದು ಸಾಲಿನಲ್ಲಿ ಕೂರುವುದು, ವರದಿಗೆ ಕಾಯುವುದು, ಬೇರೆ ಅಡುಗೆ ಮಾಡುವುದು ಇವೆಲ್ಲ ಸೇರಿದರೆ ಕಾಯಿಲೆ ಎಂಬುದು ಸಂಬಳವಿಲ್ಲದ ಒಂದು ನೌಕರಿ. ಕಾರ್ಲ್ ಮೇ, ವಿಕ್ಟರ್ ಮೊಂಟೋರಿ, ಫ್ರಾನ್ಸಿಸ್ ಮೇರ್ ಎಂಬ ಮೂವರು ತಜ್ಞರು 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನೇ ಚರ್ಚಿಸಿದರು. ರೋಗಿ ಹೇಳಿದ ಮಾತು ಕೇಳಲಿಲ್ಲವೆಂದು ದೂರುವ ಮೊದಲು, ನಾವು ಹೇರಿದ ಹೊರೆ ಅವರಿಗೆ ಹೊರಲು ಸಾಧ್ಯವೇ ಎಂದು ನೋಡಬೇಕು, ಬದುಕಿಗೆ ಆದಷ್ಟು ಕಡಿಮೆ ಅಡ್ಡಿಯಾಗುವ ಚಿಕಿತ್ಸೆ ಬೇಕು ಎಂಬುದು ಅವರ ವಾದ.

ನಾವೇನು ಮಾಡಬಹುದು? ಮೊದಲಿಗೆ, ಎಲ್ಲ ಚೀಟಿಗಳನ್ನೂ ಒಟ್ಟಿಗೆ ನೋಡುವ ಒಬ್ಬ ಮುಖ್ಯ ವೈದ್ಯರನ್ನು ಗೊತ್ತುಮಾಡಿಕೊಳ್ಳಿ. ಅವರು ದೊಡ್ಡ ತಜ್ಞರೇ ಆಗಬೇಕೆಂದಿಲ್ಲ, ಮನೆಯ ಹತ್ತಿರದ ಸಾಮಾನ್ಯ ವೈದ್ಯರಾದರೂ ಸರಿ. ಆಮೇಲೆ ಈ ಕ್ರಮಗಳನ್ನು ಪಾಲಿಸಿ:

• ಒಂದೇ ಕಡತ ಇಡಿ. ಮೊದಲ ಹಾಳೆಯಲ್ಲಿ ಕಾಯಿಲೆಗಳು, ಈಗಿನ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು, ಒಗ್ಗದ ಔಷಧಿ, ಮನೆಯವರ ಫೋನ್ ಸಂಖ್ಯೆ ಇರಲಿ.

• ಆರು ತಿಂಗಳಿಗೊಮ್ಮೆ ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದೆ ಸುರಿಯಿರಿ. ಪುಡಿ, ಲೇಹ್ಯ, ಕಷಾಯಗಳನ್ನು ಮುಚ್ಚಿಡಬೇಡಿ.

• “ಇದರಲ್ಲಿ ಯಾವುದನ್ನಾದರೂ ನಿಲ್ಲಿಸಬಹುದೇ? ಹೊತ್ತು ಕಡಿಮೆ ಮಾಡಬಹುದೇ?” ಎಂದು ಸಂಕೋಚವಿಲ್ಲದೆ ಕೇಳಿ. ಆದರೆ ನೀವಾಗಿ ನಿಲ್ಲಿಸಬೇಡಿ. ಸ್ಟೀರಾಯ್ಡ್, ಸ್ಟೆಂಟಿನ ನಂತರದ ರಕ್ತ ತೆಳುವಾಗಿಸುವ ಮಾತ್ರೆ ಇವುಗಳನ್ನು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

• ಒಂದೇ ಔಷಧಿ ಎರಡು ಕಂಪನಿಗಳ ಹೆಸರಿನಲ್ಲಿ ಬರುವುದುಂಟು. ಪಟ್ಟಿಯ ಮೇಲಿನ ದೊಡ್ಡಕ್ಷರದ ಹೆಸರಷ್ಟೇ ಅಲ್ಲ, ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಮೂಲ ಹೆಸರನ್ನೂ ನೋಡಿ.

• ವಾಂತಿ ಭೇದಿಯಾದ ದಿನ ಯಾವ ಮಾತ್ರೆ ತಡೆಹಿಡಿಯಬೇಕು, ಯಾವುದನ್ನು ಬಿಡಲೇಬಾರದು ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

ಖರ್ಚಿನ ಚಿಂತೆ

ಬಿ.ಪಿ.ಎಲ್. ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ಅದರಡಿ ಸಿಗುತ್ತದೆ. ತುರ್ತು ಸ್ಥಿತಿಯನ್ನು ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾದ್ದರಿಂದ ಮೊದಲು ಅಲ್ಲಿ ವಿಚಾರಿಸಿ. ಬಡವರಿಗೆ ಉಚಿತ ಡಯಾಲಿಸಿಸ್ ನೀಡುವ ರಾಷ್ಟ್ರೀಯ ಕಾರ್ಯಕ್ರಮ 2016ರಲ್ಲಿ ಆರಂಭವಾಗಿದೆ. ಕುಂಬಾರಕೊಪ್ಪಲು, ಮೇಟಗಳ್ಳಿ, ಹೆಬ್ಬಾಳದ ಕಡೆ ಕಾರ್ಖಾನೆಯಲ್ಲಿ ದುಡಿಯುವವರಲ್ಲಿ ಇ.ಎಸ್.ಐ. ಇರುವವರು ತಮಗೆ ಮಾತ್ರವಲ್ಲ, ತಮ್ಮ ಅವಲಂಬಿತರಿಗೂ ಚಿಕಿತ್ಸೆಯ ಹಕ್ಕಿದೆ ಎಂಬುದನ್ನು ಮರೆಯಬಾರದು. ಪಟ್ಟಿಮಾಡಿದ ಕೆಲವು ದೀರ್ಘ ಕಾಯಿಲೆಗಳಿಗೆ ರಜೆಯ ಕಾಲದಲ್ಲಿ ಹೆಚ್ಚಿನ ಅವಧಿಯ ನಗದು ಭತ್ಯೆಯೂ ಉಂಟು. ದಿನವೂ ಬೇಕಾಗುವ ಮಾತ್ರೆಗಳಿಗೆ ಜನೌಷಧಿ ಕೇಂದ್ರಗಳಲ್ಲಿ ಬೆಲೆ ಬಹಳ ಕಡಿಮೆ. ದುಡ್ಡಿಲ್ಲವೆಂದು ದಿನ ಬಿಟ್ಟು ದಿನ ಮಾತ್ರೆ ನುಂಗುವ ಬದಲು, “ಇದೇ ಔಷಧಿ ಕಡಿಮೆ ಬೆಲೆಯಲ್ಲಿ ಇದೆಯೇ?” ಎಂದು ಕೇಳುವುದರಲ್ಲಿ ಯಾವ ನಾಚಿಕೆಯೂ ಇಲ್ಲ.

ಮನಸ್ಸಿಗೂ ಮದ್ದು ಬೇಕು

“ನನ್ನಿಂದ ನಿಮಗೆಲ್ಲ ತೊಂದರೆ” ಎಂದು ಹಿರಿಯರು ಹೇಳಿದಾಗ “ಹಾಗೆಲ್ಲ ಮಾತಾಡಬೇಡಿ” ಎಂದು ಬಾಯಿ ಮುಚ್ಚಿಸುತ್ತೇವೆ. ಆ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ ಖಿನ್ನತೆ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ನಿದ್ದೆಯಿಲ್ಲ, ಊಟ ಬೇಡ, ಮಾತ್ರೆ ಬೇಡ, ಯಾರೊಡನೆಯೂ ಮಾತು ಬೇಡ ಎಂಬ ಸ್ಥಿತಿ ಎರಡು ವಾರ ಮುಂದುವರಿದರೆ ಅದನ್ನು ಹಠವೆಂದು ತಿಳಿಯದೆ ವೈದ್ಯರಿಗೆ ಹೇಳಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು, ಕರೆಗೆ ದುಡ್ಡಿಲ್ಲ.

ನೋಡಿಕೊಳ್ಳುವವರ ಮಾತನ್ನು ಯಾರೂ ಎತ್ತುವುದಿಲ್ಲ. ಬಹಳ ಮನೆಗಳಲ್ಲಿ ಆ ಕೆಲಸ ಒಬ್ಬಳೇ ಹೆಂಗಸಿನ ಪಾಲಿಗೆ ಬಿದ್ದಿರುತ್ತದೆ. ಅವಳಿಗೂ ಬಿ.ಪಿ. ಇರಬಹುದು, ತೋರಿಸಿಕೊಳ್ಳಲು ಪುರುಸೊತ್ತಿಲ್ಲದೆ ಇರಬಹುದು. ವಾರಕ್ಕೊಂದು ದಿನ ಆಸ್ಪತ್ರೆಯ ಸರದಿಯನ್ನು ಮಗನೋ ಅಳಿಯನೋ ಮೊಮ್ಮಗನೋ ವಹಿಸಿಕೊಳ್ಳಲಿ. ಮಾತ್ರೆ ಜೋಡಿಸಿಡುವ ಕೆಲಸವನ್ನು ಓದು ಬರುವ ಮಕ್ಕಳಿಗೆ ಕಲಿಸಿ, ದೊಡ್ಡವರೊಬ್ಬರು ನೋಡಿ ಖಾತ್ರಿ ಮಾಡಿಕೊಳ್ಳಲಿ.

ಮುಂದಿನ ಸಲ ವೈದ್ಯರ ಬಳಿ ಹೋದಾಗ ಅಂಕಿಗಳ ಜೊತೆಗೆ ನಿಮಗೆ ಏನು ಬೇಕು ಎಂಬುದನ್ನೂ ಹೇಳಿ. “ಮೊಮ್ಮಗಳ ಮದುವೆಗೆ ಊರಿಗೆ ಹೋಗಬೇಕು”, “ದಿನಾ ದೇವಸ್ಥಾನದವರೆಗೆ ನಡೆಯುವಂತಾದರೆ ಸಾಕು” ಎಂಬಂಥ ಮಾತು ಚೀಟಿಯಲ್ಲಿ ಇರುವುದಿಲ್ಲ. ಅದನ್ನು ಕೇಳಿದ ವೈದ್ಯರು ಚಿಕಿತ್ಸೆಯನ್ನು ಅದಕ್ಕೆ ತಕ್ಕಂತೆ ಹೊಂದಿಸಬಲ್ಲರು. ಸಂಚಾರಕ್ಕೆ ಮೊದಲು ಡಯಾಲಿಸಿಸ್ ವೇಳೆ ಬದಲಿಸಬಹುದು, ನಡೆಯುವ ಶಕ್ತಿಗಾಗಿ ತಲೆಸುತ್ತು ತರುವ ಮಾತ್ರೆಯನ್ನು ರಾತ್ರಿಗೆ ಹಾಕಬಹುದು. ಕೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?